ಅಳಿಸುವ ಹಾಡನ್ನು ನಾವೇಕೆ ಬಯಸುತ್ತೇವೆ?

(ಮುಳ್ಳೂರಿನ ಸಭೆಯಲ್ಲಿ ಮಾಡಿದ ಭಾಷಣ)



ಸಂಗೀತವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ತಾವು ನನಗೆ ಅಪ್ಪಣೆ ಕೊಡಿಸಿದಿರಿ. ನಾನು ಸಂಗೀತ ಬಲ್ಲವನಲ್ಲ. ಶ್ರುತಿ ತಪ್ಪದೆ ಒಂದು ಪದವನ್ನು ಹಾಡಲಾರೆ. ನನ್ನ ವೃತ್ತಿ ವಕೀಲಿ. ಆದರೆ ಆ ವೃತ್ತಿಯೇ ಸಂಗೀತದ ವಿಷಯವಾಗಿ ನನ್ನಲ್ಲಿ ಒಂದು ಪ್ರಶ್ನೆಯನ್ನು ಹುಟ್ಟಿಸಿದೆ. ಅದನ್ನೇ ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನ್ಯಾಯಾಲಯದಲ್ಲಿ ನಾನು ದಿನವೂ ದುಃಖವನ್ನು ಕೇಳುವವನು. ಮಗನನ್ನು ಕಳೆದುಕೊಂಡ ತಂದೆ, ಅಣ್ಣತಮ್ಮಂದಿರಿಂದ ಪಾಲು ತಪ್ಪಿದವನು, ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳು, ಇವರೆಲ್ಲ ಕಟಕಟೆಯಲ್ಲಿ ನಿಂತು ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ಅದನ್ನು ಕೇಳಿ ಸುಖಪಟ್ಟವರನ್ನು ನಾನು ಕಂಡಿಲ್ಲ. ಗುಮಾಸ್ತರು ತಲೆ ತಗ್ಗಿಸುತ್ತಾರೆ. ಬಂದ ಜನ ಹೊರಗೆ ಎದ್ದು ಹೋಗುತ್ತಾರೆ. ವಿಚಾರಣೆ ಬೇಗ ಮುಗಿದರೆ ಸಾಕೆಂದು ಎಲ್ಲರೂ ಎಣಿಸುತ್ತಾರೆ. ಆದರೆ ಅದೇ ಜನರು ರಾತ್ರಿ ಕಂಬಳಿ ಹೊದ್ದು ನೀಲಗಾರರ ಎದುರಿಗೆ ಕುಳಿತು, ಕೋಳಿ ಕೂಗುವವರೆಗೂ ಎದ್ದೇಳದೆ, ಒಬ್ಬ ತಾಯಿಯ ಗೋಳನ್ನು ಕೇಳಿ ಕಣ್ಣೀರಿಡುತ್ತಾರೆ. ಬೆಳಗಾದ ಮೇಲೆ, “ಎಂಥ ಚೆನ್ನಾಗಿ ಹಾಡಿದನಪ್ಪಾ!” ಎಂದು ಹೇಳಿಕೊಳ್ಳುತ್ತ ಹೊಲಕ್ಕೆ ಹೋಗುತ್ತಾರೆ. ಹಗಲು ಕೇಳಲಾರದ ದುಃಖವನ್ನು ರಾತ್ರಿ ಬಯಸಿ ಬಯಸಿ ಕೇಳುತ್ತೇವೆ. ಇದು ಹೇಗೆ? ಇದು ನನ್ನ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಸೀಮೆಯಷ್ಟು ತಕ್ಕ ಸ್ಥಳ ಮತ್ತೊಂದಿರಲಾರದು. ಒಂದು ದಿಕ್ಕಿಗೆ ಮಲೆಯ ಮಾದೇಶ್ವರನ ಬೆಟ್ಟ, ಮತ್ತೊಂದು ದಿಕ್ಕಿಗೆ ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರು. ದೇವರಗುಡ್ಡರ ಕಂಸಾಳೆ, ನೀಲಗಾರರ ತಂಬೂರಿ, ಇವೆರಡರ ನಾದದಲ್ಲಿಯೇ ನಾವು ಬೆಳೆದವರು. ಇವರು ಹಾಡುವ ಎರಡು ಮಹಾಕಾವ್ಯಗಳಲ್ಲಿ ಪವಾಡಗಳಿವೆ, ಯುದ್ಧಗಳಿವೆ, ಹಾಸ್ಯವಿದೆ. ಆದರೆ ಜನರು ಕೇಳಿ ಕೇಳಿ ಹಾಡಿಸುವುದು ಯಾವುದನ್ನು? ಮಾದೇಶ್ವರನ ಕಥೆಯಲ್ಲಿ ಸಂಕಮ್ಮನ ಸಾಲನ್ನು. ಮಂಟೇಸ್ವಾಮಿಯ ಕಥೆಯಲ್ಲಿ ಕೆಂಪಾಚಾರಿ ಮನೆ ಬಿಟ್ಟು ಹೊರಡುವ ಭಾಗವನ್ನು.

ಸಂಕಮ್ಮನ ಕಥೆ ತಮಗೆಲ್ಲ ತಿಳಿದದ್ದೇ. ಸೋಲಿಗರ ನೀಲೇಗೌಡನ ಹೆಂಡತಿ, ಮಕ್ಕಳಿಲ್ಲದವಳು. ಗಂಡ ಜೇನಿಗಾಗಿ ಕಾಡಿಗೆ ಹೊರಡುವಾಗ, ತಾನಿಲ್ಲದ ದಿನಗಳಲ್ಲಿ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡಲೊಲ್ಲಳು. ಅವನು ಹಿಂಸಿಸಿ, ಗುಡಿಸಲಲ್ಲಿ ಕೂಡಿಹಾಕಿ ಹೊರಟುಹೋಗುತ್ತಾನೆ. ನಾನು ವಕೀಲನಾದ್ದರಿಂದ ಈ ಸಾಲನ್ನು ಕೇಳಿದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಆರೋಪವಿಲ್ಲ, ಸಾಕ್ಷಿಯಿಲ್ಲ, ಆದರೂ ಪ್ರಮಾಣವನ್ನು ಕೇಳಲಾಯಿತು, ಪ್ರಮಾಣ ಮಾಡದ್ದಕ್ಕೆ ಶಿಕ್ಷೆಯೂ ಆಯಿತು. ಆ ಹೆಣ್ಣುಮಗಳ ಅಹವಾಲನ್ನು ಕೇಳುವ ಪಂಚಾಯಿತಿ ಆ ಕಾಡಿನಲ್ಲಿ ಇರಲಿಲ್ಲ. ಮಾದೇಶ್ವರನೇ ಬಂದು ಅವಳನ್ನು ಬಿಡಿಸಿ, ಇಬ್ಬರು ಮಕ್ಕಳ ವರ ಕೊಡಬೇಕಾಯಿತು.

ಕೆಂಪಾಚಾರಿಯ ಕಥೆಯೂ ಅಂತಹುದೇ. ನಿಡುಘಟ್ಟದ ಪಾಂಚಾಳರ ಮನೆಯ ಆ ಹುಡುಗನನ್ನು ಮಂಟೇಸ್ವಾಮಿಯು ಶಿಶುಮಗನಾಗಿ ಬೇಡುತ್ತಾನೆ. ಮನೆಯವರು ಕೊಡಲೊಲ್ಲರು, ಕೊನೆಗೆ ಕೊಡಲೇಬೇಕಾಗುತ್ತದೆ. ತಾಯಿ ಮುದ್ದಮ್ಮ ಮಗನನ್ನು ಬೀಳ್ಕೊಡುವ ಆ ಘಳಿಗೆಯಲ್ಲಿ ಹಾಡುವವನ ಕಂಠವೂ ಒಮ್ಮೊಮ್ಮೆ ಗದ್ಗದವಾಗುತ್ತದೆ. ಮುಂದೆ ಆ ಹುಡುಗನೇ ಸಿದ್ದಪ್ಪಾಜಿಯಾಗಿ ಹಲಗೂರಿಗೆ ಕಬ್ಬಿಣದ ಭಿಕ್ಷಕ್ಕೆ ಹೋಗುತ್ತಾನೆ. ಅಲ್ಲಿಯ ಪಾಂಚಾಳರು ಒಡ್ಡಿದ ಕಾದ ಕಬ್ಬಿಣ, ವಿಷ ಮೊದಲಾದ ಪರೀಕ್ಷೆಗಳನ್ನೆಲ್ಲ ಗೆಲ್ಲುತ್ತಾನೆ.

ಈಗ ಒಂದು ವಿಷಯವನ್ನು ಗಮನಿಸಬೇಕು. ಸಂಕಮ್ಮನಿಗೆ ಮಕ್ಕಳಾಗುವುದು, ಸಿದ್ದಪ್ಪಾಜಿ ವಿಷವನ್ನು ಗೆಲ್ಲುವುದು, ಇವು ಕೇಳುವವರಿಗೆ ಮೊದಲೇ ಗೊತ್ತು. ವರ್ಷವರ್ಷವೂ ಕೇಳಿದವರೇ ಅವರು. ಗೊತ್ತಿದ್ದೂ ಅಳುತ್ತಾರೆ. ನ್ಯಾಯಾಲಯದಲ್ಲಿ ಹಾಗಲ್ಲ. ಅಲ್ಲಿ ಮುಂದೇನಾಗುವುದೋ ಯಾರಿಗೂ ತಿಳಿಯದು. ಆದಕಾರಣ ಅಲ್ಲಿಯ ದುಃಖದಲ್ಲಿ ಭಯ ಬೆರೆತಿರುತ್ತದೆ. ಅಷ್ಟೇ ಅಲ್ಲ, ಅಲ್ಲಿಯ ದುಃಖ ನಮ್ಮಿಂದ ಏನನ್ನೋ ಬೇಡುತ್ತದೆ. ಯಾರದು ತಪ್ಪು, ಯಾರು ಎಷ್ಟು ಹಣ ಕೊಡತಕ್ಕದ್ದು, ಇವಳು ಹೇಳುವುದು ನಿಜವೋ ಸುಳ್ಳೋ ಎಂದು ತೂಗುತ್ತ ಕೂತಿರುವ ಮನಸ್ಸಿಗೆ ಕರಗಲು ಬಿಡುವೆಲ್ಲಿ? ಹಾಡಿನ ಸಂಕಮ್ಮ ನಮ್ಮನ್ನು ತೀರ್ಪು ಕೇಳುವುದಿಲ್ಲ. ಅವಳ ವ್ಯವಹಾರವೆಲ್ಲ ಎಂದೋ ತೀರಿಹೋಗಿದೆ. ನಾವು ಅವಳಿಗಾಗಿ ಮಾಡಬಹುದಾದದ್ದು ಜತೆಯಲ್ಲಿ ಕೂರುವುದೊಂದೇ. ಭಯವೂ ಸಂಶಯವೂ ಲೆಕ್ಕಾಚಾರವೂ ಕಳೆದು, ದುಃಖದ ಮುಂದೆ ಕೇವಲ ಕರುಣೆಯೊಂದೇ ಉಳಿದ ಸ್ಥಿತಿ ಅದು. ಮನುಷ್ಯನಿಗೆ ತನ್ನ ಕರುಣೆಯನ್ನು ತಡೆಯಿಲ್ಲದೆ ಹರಿಯಬಿಡುವುದರಲ್ಲಿ ದೊಡ್ಡ ಸುಖವಿದೆಯೆಂದು ನನ್ನ ನಂಬಿಕೆ.

ನಮ್ಮ ಪ್ರಾಚೀನ ಆಲಂಕಾರಿಕರು ಇದನ್ನು ಬಹಳ ಆಳವಾಗಿ ವಿಚಾರ ಮಾಡಿದ್ದಾರೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಹೇಳಿರುವ ಎಂಟು ರಸಗಳಲ್ಲಿ ಕರುಣವೂ ಒಂದು. ಶೋಕ ಅದರ ಸ್ಥಾಯೀಭಾವ. ಶೋಕ ಬೇರೆ, ಕರುಣರಸ ಬೇರೆ. ಮನೆಯಲ್ಲಿ ಸಾವಾದಾಗ ಉಂಟಾಗುವುದು ಶೋಕ. ಅದನ್ನೇ ಕವಿ ಹಾಡಿದಾಗ ಸವಿಯುವುದು ಕರುಣ. ಶೋಕವು ರಸವಾಗಿ ಮಾರ್ಪಡುವ ಬಗೆಯನ್ನು ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದನು. ದುಃಖವು ಇಂಥವನದು, ಇಂಥ ಊರಿನದು ಎಂಬ ಗುರುತನ್ನು ಕಳೆದುಕೊಂಡು ಎಲ್ಲರದೂ ಆಗಿಬಿಡುತ್ತದೆಂದು ಇದರ ಅರ್ಥ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಒಂದು ವಕೀಲಿ ವಾದವನ್ನೇ ಹೂಡಿದ್ದಾನೆ: ಕರುಣದಲ್ಲಿ ಬರಿಯ ದುಃಖವೇ ಇದ್ದಿದ್ದರೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ, ಜನ ಬರುತ್ತಿದ್ದಾರೆ, ಆದುದರಿಂದ ಅಲ್ಲಿ ಸುಖವುಂಟು, ಇದಕ್ಕೆ ಸಹೃದಯರ ಅನುಭವವೇ ಸಾಕ್ಷಿ.

ಆದರೆ ಎಲ್ಲ ಪಂಡಿತರೂ ಇದಕ್ಕೆ ಒಪ್ಪಲಿಲ್ಲ. ಹೇಮಚಂದ್ರಾಚಾರ್ಯನ ಶಿಷ್ಯರಾದ ರಾಮಚಂದ್ರ ಗುಣಚಂದ್ರರು ನಾಟ್ಯದರ್ಪಣವೆಂಬ ಗ್ರಂಥದಲ್ಲಿ, ಕರುಣವು ನಿಜವಾಗಿಯೂ ದುಃಖಮಯವೇ ಎಂದು ಖಂಡಿತವಾಗಿ ಹೇಳಿದರು. ಹಾಗಾದರೆ ಜನ ಏಕೆ ಹೋಗುತ್ತಾರೆ? ಕವಿಯ, ನಟನ ಶಕ್ತಿಯನ್ನು ಕಂಡು ಬೆರಗಾಗುವುದಕ್ಕೆ. ಮತ್ತು ಖಾರ ಬೆರೆತಾಗ ಪಾನಕದ ಸಿಹಿ ಹೆಚ್ಚುವಂತೆ, ದುಃಖದ ರುಚಿಯಿಂದ ಸುಖದ ರುಚಿ ಹೆಚ್ಚುವುದಕ್ಕೆ. ನಮ್ಮ ಮನೆಗಳಲ್ಲಿ ರಾಮನವಮಿಯ ಪಾನಕಕ್ಕೆ ಮೆಣಸಿನ ಪುಡಿ ಹಾಕುವ ತಾಯಂದಿರಿಗೆ ಈ ಮಾತಿನ ಮರ್ಮ ಬೇಗ ತಿಳಿದೀತು.

ಈ ಎರಡು ಪಕ್ಷಗಳಲ್ಲಿ ನಾನು ಯಾರ ಕಡೆಗೂ ವಕಾಲತ್ತು ಹಾಕುವುದಿಲ್ಲ. ಅಳು ನಿಜವಾದ ಅಳುವೇ ಎಂಬುದೂ ಸತ್ಯ. ಅದರಲ್ಲಿ ಹಿತವಿದೆಯೆಂಬುದೂ ಸತ್ಯ. ಆ ಹಿತ ಎಲ್ಲಿಂದ ಬರುತ್ತದೆಂಬುದನ್ನು ಗ್ರಂಥವನ್ನು ಬದಿಗಿಟ್ಟು ಹಾಡಿನಲ್ಲಿಯೇ ಹುಡುಕೋಣ.

ನಿಜವಾದ ದುಃಖಕ್ಕೆ ಮೊದಲು ಕೊನೆಯಿಲ್ಲ. ಅದು ಮನುಷ್ಯನನ್ನು ಉಸಿರು ಕಟ್ಟಿಸುತ್ತದೆ, ಮಾತು ತಡವರಿಸುವಂತೆ ಮಾಡುತ್ತದೆ. ಹಾಡಿಗೆ ತಾಳವಿದೆ, ಸಾಲು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಮುಂದಾಳು ಒಂದು ಸೊಲ್ಲನ್ನು ಹೇಳಿದರೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಅವನಿಗೆ ಉಸಿರಾಡಲು ಬಿಡುವು ದೊರೆಯುತ್ತದೆ. ಇದನ್ನು ತಾವು ಎಷ್ಟೋ ಸಲ ನೋಡಿದ್ದೀರಿ. ಒಬ್ಬನಿಂದ ಹೊರಲಾಗದ ಭಾರವನ್ನು ನಾಲ್ವರು ಹೆಗಲು ಬದಲಿಸುತ್ತ ಹೊರುವಂತೆ, ದುಃಖ ಕಂಠದಿಂದ ಕಂಠಕ್ಕೆ ಸಾಗುತ್ತದೆ. ಕೇಳುತ್ತ ಕುಳಿತವರೂ ಆ ಹೊರೆಗೆ ಹೆಗಲು ಕೊಡುತ್ತಾರೆ.

ಇನ್ನು ಸ್ವರದ ವಿಷಯ. ದುಃಖದಲ್ಲಿರುವವನ ಮಾತು ನಿಧಾನ, ದನಿ ತಗ್ಗು, ಕೊನೆಗೆ ಇಳಿಯುತ್ತ ಹೋಗುವುದು. ದುಃಖದ ಹಾಡಿನ ನಡೆಯೂ ಬಹುಮಟ್ಟಿಗೆ ಹಾಗೆಯೇ. ಕರ್ಣಾಟಕ ಸಂಗೀತದಲ್ಲಿ ಮುಖಾರಿ ರಾಗಕ್ಕೆ ಶೋಕದ ರಾಗವೆಂಬ ಹೆಸರಿದೆ. ಶುಭಪಂತುವರಾಳಿ ಎಂಬ ರಾಗವೂ ಶೋಕಕ್ಕೇ ಪ್ರಸಿದ್ಧ. ಹೆಸರಿನಲ್ಲಿ ಶುಭ, ಕೇಳಿದರೆ ಕಣ್ಣಲ್ಲಿ ನೀರು! ಮಗುವನ್ನು ಮಲಗಿಸುವ ಜೋಗುಳದ ನಡೆಯೂ ನಿಧಾನ, ಅದರ ದನಿಯೂ ತಗ್ಗು ಎಂಬುದನ್ನು ಮರೆಯಬಾರದು. ಅಳುವವನ ದನಿಯೂ ಸಂತೈಸುವವಳ ದನಿಯೂ ಒಂದಕ್ಕೊಂದು ಇಷ್ಟು ಹತ್ತಿರವಿರುವುದರಿಂದಲೇ ದುಃಖದ ಹಾಡು ನೋವನ್ನು ಹೇಳುವುದರ ಜತೆಗೆ ತಲೆಯನ್ನೂ ನೇವರಿಸುತ್ತದೆ.

ಈಚಿನ ವರ್ಷಗಳಲ್ಲಿ ಪಶ್ಚಿಮದ ಶಾಸ್ತ್ರಜ್ಞರೂ ಇದನ್ನು ಪರೀಕ್ಷಿಸತೊಡಗಿದ್ದಾರೆ. 2011ರಲ್ಲಿ ಡೇವಿಡ್ ಹ್ಯೂರನ್ ಎಂಬುವರು ಒಂದು ಊಹೆಯನ್ನು ಮುಂದಿಟ್ಟರು: ದುಃಖ ಬಂದಾಗ ಸಂತೈಸುವುದಕ್ಕಾಗಿ ದೇಹವು ಪ್ರೊಲಾಕ್ಟಿನ್ ಎಂಬ ರಸವನ್ನು ಸ್ರವಿಸುತ್ತದೆ, ಹಾಡಿನಲ್ಲಿ ಪೆಟ್ಟು ನಿಜವಲ್ಲ, ಆದರೆ ಸಾಂತ್ವನದ ಮದ್ದು ಮಾತ್ರ ನಿಜವಾಗಿ ದೊರೆಯುತ್ತದೆ. ಕೇಳಲು ಸೊಗಸಾದ ಊಹೆ. ಆದರೆ 2021ರಲ್ಲಿ ಪ್ರಕಟವಾದ ಅಳತೆಗಳು ಇದನ್ನು ಎತ್ತಿಹಿಡಿಯಲಿಲ್ಲ. 2014ರಲ್ಲಿ ಲಿಲಾ ತರುಫಿ, ಸ್ಟೆಫಾನ್ ಕೋಲ್ಶ್ ಎಂಬಿಬ್ಬರು ನಾನಾ ದೇಶಗಳ 772 ಮಂದಿಯನ್ನು ವಿಚಾರಿಸಿದರು. ಶೋಕದ ಸಂಗೀತ ಕೇಳುವಾಗ ತಮಗೆ ಹೆಚ್ಚಾಗಿ ಉಂಟಾಗುವ ಭಾವನೆಯೆಂದು ಆ ಜನ ಹೇಳಿದ್ದು ದುಃಖವನ್ನಲ್ಲ, ಕಳೆದುಹೋದದ್ದರ ಹಂಬಲವನ್ನು. ಪರರ ನೋವಿಗೆ ಬೇಗ ಮಿಡಿಯುವ ಸ್ವಭಾವದವರೇ ಇಂತಹ ಸಂಗೀತವನ್ನು ಹೆಚ್ಚು ಸವಿಯುತ್ತಾರೆಂದು 2012ರ ಮತ್ತೊಂದು ಅಧ್ಯಯನ ಹೇಳಿತು. ನಮ್ಮವರು ಸಹೃದಯನೆಂದು ಕರೆದದ್ದು ಅಂಥವನನ್ನೇ ಅಲ್ಲವೇ?

ಹಂಬಲವೆಂಬ ಮಾತಿನಿಂದ ಈ ಊರಿನದೇ ಒಂದು ಸಂಗತಿ ನೆನಪಿಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಈ ದಡದ ಹಳ್ಳಿಗಳಿಗೆ ನುಗ್ಗಿದಳು. ಇಂತಹ ಸಮಯದಲ್ಲಿ ಸರಕಾರ ನಷ್ಟದ ಪಟ್ಟಿಯನ್ನು ಬರೆಸುತ್ತದೆ: ಮನೆ ಎಷ್ಟು, ಬೆಳೆ ಎಷ್ಟು, ದನಕರು ಎಷ್ಟು. ಪಟ್ಟಿ ಬೇಕು, ಅದಿಲ್ಲದೆ ಪರಿಹಾರವಿಲ್ಲ. ಆದರೆ ಅಜ್ಜಿ ಬೀಸುತ್ತಿದ್ದ ಕಲ್ಲು ಕೆಸರಿನಲ್ಲಿ ಹೂತುಹೋದದ್ದಕ್ಕೆ ಆ ಪಟ್ಟಿಯಲ್ಲಿ ಅಂಕಣವಿಲ್ಲ. ಅದನ್ನು ಎಲ್ಲಿ ಬರೆಸಬೇಕು? ಹಿಂದೆ ನಮ್ಮ ಹೆಂಗಸರು ಅದನ್ನು ಬೀಸುವ ಪದದಲ್ಲಿ ಬರೆಸುತ್ತಿದ್ದರು. ತವರಿನ ಹಂಬಲ, ಅತ್ತೆಯ ಮನೆಯ ಕಷ್ಟ, ಸತ್ತ ಮಗುವಿನ ನೆನಪು ಎಲ್ಲವೂ ರಾಗಿಯೊಡನೆ ಕಲ್ಲಿಗೆ ಬೀಳುತ್ತಿದ್ದುವು. ಗಿರಣಿ ಬಂದ ಮೇಲೆ ಕೈಗೆ ಬಿಡುವಾಯಿತು, ಅದು ಒಳ್ಳೆಯದೇ. ಆದರೆ ಆ ಅಂಕಣ ಮುಚ್ಚಿಹೋಯಿತು.

ನಮ್ಮ ಸೀಮೆಯ ಇತಿಹಾಸದಲ್ಲಿಯೂ ಇದಕ್ಕೆ ಒಂದು ನಿದರ್ಶನವಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದ್ರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಕಂದಾಯ ಕಟ್ಟುವ ಕಚೇರಿ ಬೇರೆ, ಕಾಗದಪತ್ರದ ಭಾಷೆ ಬೇರೆ. ಆದರೆ ಸಂಕಮ್ಮನಿಗಾಗಿ ಅಳುವ ಜನ ಎರಡು ಕಡೆಯೂ ಒಂದೇ. ಇಂದು ತಮಿಳುನಾಡಿನಲ್ಲಿರುವ ತಾಳವಾಡಿಯ ಕನ್ನಡಿಗರೂ ಮಾದೇಶ್ವರನ ಒಕ್ಕಲೇ. ಒಂದೇ ಹಾಡಿಗೆ ಕಣ್ಣೀರು ಹಾಕುವವರು ಒಂದೇ ಮನೆಯವರೆಂಬುದನ್ನು ಯಾವ ನಕ್ಷೆಯೂ ಅಳಿಸಲಾರದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕಾದದ್ದು ನನ್ನ ವೃತ್ತಿಧರ್ಮ. ಹಾಡಿಗೆ ಅಳುವುದು ಸುಲಭ, ಖರ್ಚಿಲ್ಲದ ಕರುಣೆ, ಅತ್ತು ಹಗುರಾದವನು ಮನೆಗೆ ಹೋಗಿ ಮೊದಲಿನಂತೆಯೇ ಇರುತ್ತಾನೆ, ಎಂದು ಕೆಲವರು ಹೇಳುತ್ತಾರೆ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾನೆ. ರಷ್ಯಾ ದೇಶದ ಒಬ್ಬ ದೊಡ್ಡ ಮನೆಯ ಹೆಂಗಸು ನಾಟಕದ ಪಾತ್ರಗಳಿಗಾಗಿ ಒಳಗೆ ಕುಳಿತು ಅಳುತ್ತಿದ್ದಾಳೆ. ಹೊರಗೆ ಅವಳ ಗಾಡಿ ಹೊಡೆಯುವವನು ಚಳಿಯಲ್ಲಿ ಮರಗಟ್ಟಿ ಸಾಯುತ್ತಿದ್ದಾನೆ. ಈ ವಾದ ಬಲವಾದದ್ದು. ಇದನ್ನು ನಾನು ತಳ್ಳಿಹಾಕಲಾರೆ. ಏಕೆಂದರೆ ಸಂಕಮ್ಮನ ಸಾಲಿಗೆ ಕಣ್ಣೊರಸಿಕೊಂಡ ಗಂಡಸು ಅದೇ ವಾರ ಹೆಂಡತಿಯ ಮೇಲೆ ಕೈಮಾಡಿದ ಪ್ರಕರಣಗಳು ನನ್ನಂಥವರ ಕಚೇರಿಗೆ ಬರುತ್ತವೆ. ಗೋಡೆಯ ಆಚೆ ಕೇಳಿಬರುವ ಅಳುವಿಗೆ, “ಅವರ ಮನೆಯ ವಿಷಯ, ನಮಗೇಕೆ?” ಎನ್ನುವ ನೆರೆಯವರು ಸಾಕ್ಷಿ ಹೇಳಲು ಬರುವುದಿಲ್ಲ. ಕೌಟುಂಬಿಕ ಹಿಂಸೆಯನ್ನು ತಡೆಯಲು 2005ರಲ್ಲಿ ಕಾಯಿದೆಯಾಗಿದೆ. ಕಾಯಿದೆಯು ಅಪ್ಪಣೆ ಮಾಡಬಲ್ಲುದು; ನೆರೆಯವನ ಕಿವಿಯನ್ನು ತೆರೆಯಲಾರದು.

ಹಾಗಾದರೆ ದೋಷ ಹಾಡಿನದೋ? ಇಲ್ಲಿ ಮಹಾತ್ಮ ಗಾಂಧಿಯವರ ಬಾಲ್ಯದ ಸಂಗತಿಯನ್ನು ಸಾಕ್ಷಿಯಾಗಿ ಮುಂದಿಡುತ್ತೇನೆ. ಅವರ ಆತ್ಮಕಥೆಯಲ್ಲಿ ಇದು ಬಂದಿದೆ. ತಂದೆತಾಯಿಗಳನ್ನು ಕಾವಡಿಯಲ್ಲಿ ಹೊತ್ತ ಶ್ರವಣಕುಮಾರನ ನಾಟಕದ ಪುಸ್ತಕ ಅವರ ಕೈಗೆ ಸಿಕ್ಕಿತು. ಮಗ ಸತ್ತಾಗ ಆ ಕುರುಡು ದಂಪತಿಗಳು ಮಾಡುವ ಗೋಳಾಟದ ಹಾಡು ಬಾಲಕನ ಮನಸ್ಸನ್ನು ಕರಗಿಸಿತು. ತಂದೆ ಕೊಡಿಸಿದ್ದ ಕಾನ್ಸರ್ಟಿನಾ ಎಂಬ ವಾದ್ಯದಲ್ಲಿ ಅವರು ಆ ರಾಗವನ್ನೇ ನುಡಿಸುತ್ತಿದ್ದರು. ಹರಿಶ್ಚಂದ್ರನ ನಾಟಕವನ್ನು ಕಂಡಮೇಲಂತೂ ಅದನ್ನು ಮನಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಆಡಿ, ನೆನೆದು ಅಳುತ್ತಿದ್ದರು; ಎಲ್ಲರೂ ಹರಿಶ್ಚಂದ್ರನಂತೆ ಏಕೆ ಸತ್ಯವಂತರಾಗಬಾರದೆಂದು ಹಗಲಿರುಳು ಕೇಳಿಕೊಳ್ಳುತ್ತಿದ್ದರು. ಆ ಕಣ್ಣೀರು ಕಣ್ಣಿನಲ್ಲೇ ಇಂಗಲಿಲ್ಲ. ಒಂದು ಜೀವಿತವನ್ನೇ ತಿದ್ದಿತು. ನಮ್ಮ ರಾಘವಾಂಕನು ಹದಿಮೂರನೆಯ ಶತಮಾನದಲ್ಲಿ ಸ್ಮಶಾನದ ಚಂದ್ರಮತಿಯ ಪ್ರಲಾಪವನ್ನು ಬರೆದದ್ದೂ, ನಮ್ಮ ಹಳ್ಳಿಗಳಲ್ಲಿ ಆ ನಾಟಕವನ್ನು ಆಡಿಸುತ್ತ ಬಂದದ್ದೂ ಬರಿಯ ಅಳುವಿಗಾಗಿಯಲ್ಲ.

ಒಂದೇ ಹಾಡು ಒಬ್ಬನನ್ನು ತಿದ್ದುತ್ತದೆ, ಇನ್ನೊಬ್ಬನನ್ನು ಮುಟ್ಟಿ ಹಾಗೆಯೇ ಬಿಡುತ್ತದೆ. ವ್ಯತ್ಯಾಸವಿರುವುದು ಹಾಡು ಮುಗಿದ ಮೇಲಿನ ನಡತೆಯಲ್ಲಿ. ವಿಲಿಯಂ ಜೇಮ್ಸನೇ ಇದಕ್ಕೊಂದು ಉಪಾಯವನ್ನೂ ಹೇಳಿದ್ದಾನೆ: ಸಂಗೀತದಿಂದ ಮನಸ್ಸು ಕರಗಿದ ದಿನ, ಎಷ್ಟೇ ಚಿಕ್ಕದಾಗಲಿ, ಒಂದು ಕೆಲಸವನ್ನು ಮಾಡಿಯೇ ಮಲಗಬೇಕು, ಮನೆಯ ಹಿರಿಯಳೊಡನೆ ಒಂದು ಒಳ್ಳೆಯ ಮಾತನಾಡಿದರೂ ಆದೀತು, ಗಾಡಿಯಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟರೂ ಆದೀತು. ಆ ಮಾತು ನನಗೆ ಬಹಳ ಹಿಡಿಸಿದೆ. ಹಾಡು ನಮ್ಮ ಕರುಣೆಗೆ ಗರಡಿಮನೆ. ಅಲ್ಲಿ ಸಾಮು ಮಾಡಿ ಬಂದವನು ಹೊರಗೆ ಹೊರೆ ಎತ್ತಲಾರೆನೆಂದರೆ ತಪ್ಪು ಗರಡಿಯದಲ್ಲ.

ಒಬ್ಬ ಕಕ್ಷಿಗಾರ್ತಿಯ ವಿಷಯವನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ವಿಚಾರಣೆಯ ಉದ್ದಕ್ಕೂ ಆಕೆ ಒಂದು ಹನಿ ಕಣ್ಣೀರು ಹಾಕಲಿಲ್ಲ; ಕಲ್ಲಿನಂತೆ ನಿಂತು ಉತ್ತರ ಹೇಳಿದಳು. ಕೆಲವು ತಿಂಗಳ ಮೇಲೆ ಹಬ್ಬದ ರಾತ್ರಿ ಸಂಕಮ್ಮನ ಸಾಲನ್ನು ಕೇಳುತ್ತ ಬಿಕ್ಕಿ ಬಿಕ್ಕಿ ಅತ್ತಳಂತೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸರು ಆಕೆಯನ್ನು ಏನೂ ಕೇಳಲಿಲ್ಲ. ಮಾರನೆಯ ದಿನ ಅವರಲ್ಲಿ ಇಬ್ಬರು ಆಕೆಯ ಮನೆಗೆ ಹೋಗಿ ರಾಗಿ ಮಾಡಿಕೊಟ್ಟು ಬಂದರು. ಆ ಇಬ್ಬರು ಹೆಂಗಸರು ಯಾವ ಅಲಂಕಾರಶಾಸ್ತ್ರವನ್ನೂ ಓದಿದವರಲ್ಲ. ನನ್ನ ಪ್ರಶ್ನೆಗೆ ಅವರು ಕೊಟ್ಟದ್ದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇರೆಲ್ಲಿಯೂ ದೊರೆತಿಲ್ಲ.

ಮಹಾಜನರೇ, ಇನ್ನು ನನ್ನ ಬಿನ್ನಹ. ಇಂದು ಹಾಡು ಎಲ್ಲರ ಜೇಬಿನಲ್ಲಿದೆ. ಫೋನಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಒಬ್ಬೊಬ್ಬರೂ ಒಂಟಿಯಾಗಿ ಕೇಳಬಹುದು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಒಂಟಿಯಾದವನಿಗೆ ಹಾಡುವವನ ದನಿಯೂ ಒಂದು ಜತೆಯೇ. ಆದರೆ ಆ ಜತೆ ಮಾರನೆಯ ದಿನ ಬಾಗಿಲು ತಟ್ಟುವುದಿಲ್ಲ. ಪಿ. ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಈ ಕಾವ್ಯಗಳನ್ನು ಹಾಡುಗಾರರ ಬಾಯಿಂದ ಕೇಳಿ, ಬರೆದು ಅಚ್ಚಿಗೆ ತಂದಿದ್ದಾರೆ. ಅವು ಪುಸ್ತಕದಲ್ಲಿ ಉಳಿದಿವೆ. ಊರಿನಲ್ಲಿ ಉಳಿಯಬೇಕಾದರೆ ಕೇಳುವವರು ಕೂಡಿ ಕುಳಿತಿರಬೇಕು. ಹಾಡುವವನಿಗೆ ಹೊತ್ತಾಯಿತು, ಬೇಗ ಮುಗಿಸು ಎನ್ನಬೇಡಿ. ಸಾಲನ್ನು ಪೂರ್ತಿ ಹಾಡಿಸಿರಿ. ಅವನಿಗೆ ಸಲ್ಲತಕ್ಕದ್ದನ್ನು ಮರ್ಯಾದೆಯಿಂದ ಸಲ್ಲಿಸಿರಿ. ಮಕ್ಕಳು ಅತ್ತಾವೆಂದು ಅವರನ್ನು ಮಲಗಿಸಿಬಿಡಬೇಡಿ. ಸಂಕಮ್ಮನಿಗಾಗಿ ಅತ್ತ ಹುಡುಗನು ಮುಂದೆ ತನ್ನ ಮನೆಯಲ್ಲಿ ಯಾರ ಬಲಗೈ ಭಾಷೆಯನ್ನೂ ಕೇಳದಿರುವಂತೆ ಅವನ ಕಿವಿಯಲ್ಲಿ ನೀವು ಒಂದು ಮಾತು ಹೇಳಬೇಕು. ಅದನ್ನು ಹಾಡುವವನು ಹೇಳುವುದಿಲ್ಲ. ಅದು ತಂದೆತಾಯಿಗಳ ಕೆಲಸ.

ತಂಬೂರಿಯವರು ಆಗಲೇ ಶ್ರುತಿ ಕೂಡಿಸುತ್ತಿದ್ದಾರೆ.